ಎರಡನೇ ಬ್ಲೇಡು

ಜಲಾಲುದ್ದೀನನ ಜೀವನದ ಮೇಲೆ ಸಿನಿಮಾ ಮಾಡುತ್ತೇವೆ ಎಂದು ಬಂದವರಿಗೆ ನಾನು ಮೊದಲೇ ಹೇಳಿದ್ದೆ: "ತಲಿ ಭಾಳ ದೊಡ್ಡದಿತ್ರಿ ಅವಂದು. ಮನುಷ್ಯಾ ಮಾತ್ರ ಬಲು ಕೆಟ್ಟ." ಅವರು ನಗುತ್ತ ಬರೆದುಕೊಂಡರು.

ಬಸವಕಲ್ಯಾಣದ ಒಂದು ತಗಡಿನ ಶೆಡ್ಡಿನಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ದುಡಿದೆವು. ಬಲಿತ ಕಾಯನ್ನು ಕ್ಯಾಮೆರಾದಿಂದ ಗುರುತಿಸಿ, ಅದನ್ನಷ್ಟೇ ಕತ್ತರಿಸುವ ತೊಗರಿ ಯಂತ್ರ. ಆಲೋಚನೆ ಅವನದು, ವೆಲ್ಡಿಂಗ್ ನನ್ನದು. ನನ್ನ ಬೆಸುಗೆ ಕೂದಲೆಳೆಯಷ್ಟು ವಾರೆಯಾದರೂ ಸುತ್ತಿಗೆ ತೆಗೆದುಕೊಂಡು ಒಡೆದುಹಾಕುತ್ತಿದ್ದ. ನನ್ನೂರು ಮೋರಖಂಡಿಯಿಂದ ನಾನು ಒಯ್ದ ಬುತ್ತಿಯನ್ನು ಮಾತ್ರ ಕೇಳದೇ ಬಿಚ್ಚಿ ತಿನ್ನುತ್ತಿದ್ದ.

ಮೂರು ಬ್ಲೇಡಿನ ಐದನೇ ಮಾದರಿ ಓಡಿಸುವಾಗ, ಬಂದ್ ಮಾಡಿದರೂ ಒಂದು ಬ್ಲೇಡು ನಿಲ್ಲದೆ ನನ್ನ ಬಲಗೈಯ ಎರಡು ಬೆರಳು ಹೋದವು. ದವಾಖಾನೆಗೆ ಓಡಿ ಬಂದವನು ಕೈ ಕಡೆ ನೋಡಲೇ ಇಲ್ಲ.

"ಬಂಡೆಪ್ಪಾ, ಮೂರರಾಗ ಯಾವ ಬ್ಲೇಡ್ ನಿಲ್ಲಲಿಲ್ಲ? ಅದನ್ನ ಹೇಳು," ಎಂದ.

ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಮತ್ತೆ ಆ ಶೆಡ್ಡಿಗೆ ಕಾಲಿಡಲಿಲ್ಲ. ಮುಂದಿನ ಮಾದರಿ ಗೆದ್ದಿತು, ಅವನಿಗೆ ಹೆಸರು ಬಂತು. ನನ್ನ ಹೆಸರನ್ನು ಅವನು ಎಲ್ಲೂ ಎತ್ತಲಿಲ್ಲ.

ಮೂರು ವರ್ಷದ ಹಿಂದೆ ಸತ್ತ. ಮಣ್ಣು ಕೊಡುವ ಮುಂಚೆ ಅವನ ಮಗ ಫಿರೋಜ್, ಅವರಲ್ಲಿನ ರೂಢಿಯಂತೆ, ಎದ್ದು ನಿಂತು ಕೇಳಿದ: "ನಮ್ಮ ಅಬ್ಬಾ ಯಾರ ಮನಸ್ಸರೆ ನೋಯಿಸಿದ್ರ ಮಾಫ್ ಮಾಡ್ರಿ." ಎಲ್ಲರೂ "ಮಾಫ್" ಎಂದರು. ನಾನು ಹಿಂದೆ ನಿಂತು ಬಾಯಿ ಬಿಗಿಹಿಡಿದೆ. ಇದನ್ನೂ ಸಿನಿಮಾದವರಿಗೆ ಮುಚ್ಚಿಡದೆ ಹೇಳಿದ್ದೆ.

ಸಿನಿಮಾ ಹುಮನಾಬಾದಿಗೆ ಬಂದಾಗ ಜಲಾಲುದ್ದೀನನ ಹೆಂಡತಿ ಇಶ್ರತ್ ಬಿಡದೆ ನನ್ನನ್ನು ಕರೆದೊಯ್ದಳು. ತೆರೆಯ ಮೇಲೆ ನನ್ನನ್ನು ಬೆಳ್ಳಗೆ ಮಾಡಿದ್ದರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಬಂಡೆಪ್ಪ ಮಣ್ಣಿಗೆ ಬಂದ ಜನಾಜಾದ ಗುಂಪು ಸೀಳಿಕೊಂಡು ಮುಂದೆ ಬಂದ, ಕೈ ಎತ್ತಿ "ಮಾಫ್ ಮಾಡೀನಿ ಜಲಾಲ್" ಎಂದು ಅತ್ತ. ಎತ್ತಿದ ಕೈಗೆ ಐದೂ ಬೆರಳಿದ್ದವು. ನನಗೆ ಮೈಯೆಲ್ಲ ಉರಿಯಿತು.

ಇಶ್ರತ್ ದುಪಟ್ಟಾ ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಹೊರಗೆ ಬಂದ ಮೇಲೆ ನನ್ನ ಕೈಯನ್ನೇ ನೋಡುತ್ತ ಹೇಳಿದಳು: "ನಾವು ಹೆಂಗಸರು ಖಬರಸ್ತಾನಕ್ಕ ಹೋಗೂದಿಲ್ಲ ಭಾಯಿ. ನೀವು ಮಾಫ್ ಅಂದ್ರೋ ಇಲ್ಲೋ ಅಂತ ಮೂರು ವರ್ಷ ಯಾರಿಗೂ ಕೇಳಾಕ ಧೈರ್ಯ ಆಗಲಿಲ್ಲ. ಖರೇನ ಅಂದಿದ್ರೇನು?"

"ಹೌದ್ರಿ," ಎಂದೆ. "ಅಂದಿದ್ದೆ."

ಮರುದಿನ ಖಬರಸ್ತಾನಕ್ಕೆ ಹೋದೆ. ಆಕೆಗೆ ಹೇಳಿದ ಸುಳ್ಳನ್ನು ನಿಜ ಮಾಡಿ ಬರೋಣ ಎಂದುಕೊಂಡಿದ್ದೆ. ಗೋರಿಯ ಬಳಿ ಕುಳಿತೆ. ಮಾಫ್ ಎನ್ನಲು ಮಾತ್ರ ಆಗಲಿಲ್ಲ. ಹನ್ನೊಂದು ವರ್ಷ ನನ್ನ ಬುತ್ತಿ ಹಂಚಿಕೊಂಡು ಉಂಡವನು ಅವನು.

ಅವನಿಗೆ ಹೆಸರು ತಂದ ಆ ಕೊನೆಯ ಮಾದರಿಯಲ್ಲಿ ಕೈ ಹತ್ತಿರ ಬಂದರೆ ಮೂರೂ ಬ್ಲೇಡು ತಾವಾಗಿಯೇ ನಿಲ್ಲುತ್ತವೆ. ಕೆಟ್ಟದ್ದು ಯಾವುದೆಂದು ನಾನು ಹೇಳದಿದ್ದಕ್ಕೆ ಮೂರಕ್ಕೂ ತಡೆ ಹಾಕಿದ್ದ.

"ಎರಡನೇದು, ಜಲಾಲ್," ಎಂದೆ. "ಅವತ್ತು ನಿಲ್ಲದಿದ್ದದ್ದು ಎರಡನೇ ಬ್ಲೇಡು."