ಪದ್ಮನಾಭ ಮೇಷ್ಟ್ರಿಗೆ ನುಡಿನಮನ

ಪರದೆಯ ಮೇಲೆ ಅಪ್ಪನ ನಗುಮುಖ ಬಂದಾಗ ಜೋರಾಗಿ ಚಪ್ಪಾಳೆ ಬಿತ್ತು. ಅದರ ಕೆಳಗೆ ಬಂಗಾರದ ಬಣ್ಣದ ಅಕ್ಷರಗಳು ಒಂದೊಂದಾಗಿ ಮೂಡಿ ‘ಪದ್ಮನಾಭ ಮೇಷ್ಟ್ರಿಗೆ ನುಡಿನಮನ’ ಎಂದಾಗುತ್ತಲೇ ಚಪ್ಪಾಳೆ ಅರ್ಧಕ್ಕೇ ನಿಂತಿತು. ಸಾಲದೆಂಬಂತೆ ಮೂಲೆಯಲ್ಲೊಂದು ದೀಪ ಬೇರೆ ಸಣ್ಣಗೆ ಉರಿಯುತ್ತಿತ್ತು, ಹಿನ್ನೆಲೆಯಲ್ಲಿ ಕೊಳಲು.

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ರಾಗಿಣಿಗೆ ಏನಾಯಿತೆಂದೇ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಅತ್ತಿಗೆ ಸ್ಮೃತಿ ಅವಳ ಕಿವಿಯ ಹತ್ತಿರ ಬಗ್ಗಿದಳು.

“ಏನೇ ಇದು? ನುಡಿನಮನ ಅಂತ ಹಾಕಿದೀಯಾ?”

“ಯಾಕೆ? ಮಾತಲ್ಲಿ ನಮಸ್ಕಾರ ಮಾಡೋದು ತಾನೆ? ಪೇಪರ್‌ನಲ್ಲೆಲ್ಲಾ ಬರುತ್ತಲ್ಲ.”

“ಹೋದೋರಿಗೆ ಕಣೇ ಹಾಗಂತಾರೆ. ಸತ್ತೋರಿಗೆ!”

ರಾಗಿಣಿಯ ಮೈಯೆಲ್ಲ ಬಿಸಿಯಾಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನಿಗೆ ಎಪ್ಪತ್ತೈದು ತುಂಬಿದ್ದಕ್ಕೆ ಹಳೆಯ ವಿದ್ಯಾರ್ಥಿಗಳು ವಿಜಯನಗರದಲ್ಲಿ ಸಭಾಂಗಣ ಹಿಡಿದು ಸನ್ಮಾನ ಇಟ್ಟುಕೊಂಡಿದ್ದರು. ವಿಡಿಯೋ ನನ್ನದು ಎಂದು ಇವಳೇ ಮುಂದೆ ಬಿದ್ದಿದ್ದಳು. ಅಕ್ಷರ ಒಂದ್ಸಲ ನೋಡ್ತೀನಮ್ಮ ಎಂದು ಅಪ್ಪ ಕೇಳಿದಾಗ, ಸರ್‌ಪ್ರೈಸ್ ಎಂದು ಫೋನು ಮುಚ್ಚಿಟ್ಟಿದ್ದಳು. ಊರವರ ಅಕ್ಷರವನ್ನೆಲ್ಲ ತಿದ್ದುವ ಮನುಷ್ಯ ಅವರು. ಹಳೆಯ ಶಿಷ್ಯ ಚನ್ನವೀರೇಶನ ಪ್ರೆಸ್ಸಿನಲ್ಲಿ ಮುದ್ರಣವಾಗುವ ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಕಡೆಗೆ ಗಲ್ಲಿ ಗಣೇಶನ ಫ್ಲೆಕ್ಸು ಕೂಡ ಮೊದಲು ವಾಟ್ಸಾಪಿನಲ್ಲಿ ಮೇಷ್ಟ್ರ ಬಳಿ ಬರಬೇಕು. ನಿವೃತ್ತಿಯಾದ ಮೇಲೆ, ಅದರಲ್ಲೂ ಅಮ್ಮ ಹೋದ ಮೇಲೆ, ಬೆಳಗಾದರೆ ಅವರನ್ನು ಎಬ್ಬಿಸುತ್ತಿದ್ದುದೇ ಆ ಕೆಲಸ.

ವಿಡಿಯೋ ಮುಗಿದರೂ ಯಾರಿಗೂ ಚಪ್ಪಾಳೆ ತಟ್ಟಲು ಧೈರ್ಯ ಬರಲಿಲ್ಲ. ಪೇಟ, ಶಾಲು, ಹಾರ ಹೊತ್ತ ಪದ್ಮನಾಭ ಮೇಷ್ಟ್ರು ತಾವೇ ಎದ್ದು ಮೈಕು ಹಿಡಿದರು.

“ಆ ತಲೆಬರಹ ನಂದೇ ಕಣ್ರಪ್ಪ. ಏನ್ ಹಾಕ್ಲಿ ಅಂತ ಮಗಳು ಕೇಳಿದ್ಲು, ನಾನೇ ಬರೆದುಕೊಟ್ಟೆ. ಯಾವ ಜ್ಞಾನದಲ್ಲಿದ್ನೋ ಏನೋ. ಇತ್ತೀಚೆಗೆ ಹೀಗಾಗುತ್ತೆ.”

ಒಂದಿಬ್ಬರು ನಕ್ಕರು. ಹಿಂದಿನ ಸಾಲಿನಿಂದ ಹೆಂಗಸೊಬ್ಬರ ದನಿ ಕೇಳಿತು. “ಪಾಪ, ಎಂಥಾ ಮೇಷ್ಟ್ರು! ಅರಳುಮರಳು ಶುರುವಾಯ್ತೇನೋ.”

ರಾಗಿಣಿ ಕುರ್ಚಿಯಿಂದ ಅರ್ಧ ಎದ್ದಳು. ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ಆದರೆ ಮುಂದಿನ ಸಾಲಿನಲ್ಲಿ ಅವಳೇ ಕರೆಸಿದ್ದ ಆಫೀಸಿನವರು ಕೂತಿದ್ದರು. ನಾನು ಕಾನ್ವೆಂಟಾದರೂ ನಮ್ಮಪ್ಪನ ಕನ್ನಡ ನನ್ನ ರಕ್ತದಲ್ಲಿದೆ ಎಂದು ಅವರ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದಳೋ. ಸೆರಗು ಸರಿಮಾಡಿಕೊಳ್ಳುವವಳಂತೆ ಮಾಡಿ ಮತ್ತೆ ಕೂತಳು. ಕೂತ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಊಟದಲ್ಲಿ ಅಪ್ಪನ ಪಕ್ಕದ ಎಲೆಯೇ ಅವಳಿಗೆ ಸಿಕ್ಕಿತು. ಏನೂ ಆಗಿಲ್ಲವೆಂಬಂತೆ ಅವರು ಕೋಸಂಬರಿ ತಿನ್ನುತ್ತಿದ್ದರು. ಬಡಿಸುವವರ ಉಸ್ತುವಾರಿ ನೋಡುತ್ತಿದ್ದ ಚನ್ನವೀರೇಶ ಅವರ ಎದುರು ಬಂದು ನಿಂತ. ಏನೋ ಹೇಳಲು ಬಂದವನು ಮೊದಲು ಸಾರಿನ ವಿಷಯ ಕೇಳಿದ, ಪಲ್ಯದ ವಿಷಯ ಕೇಳಿದ.

“ಸಾರ್, ಇನ್ನೊಂದ್ ಮಾತು. ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ. ಎಷ್ಟು ವರ್ಷ ಅಂತ ಮಾಡ್ತೀರಾ? ಪ್ರೂಫು ನಮ್ಮ ಹುಡುಗ್ರೇ ನೋಡ್ಕೋತಾರೆ. ನೀವು ಆರಾಮಾಗಿರಿ.”

ಮೇಷ್ಟ್ರ ಕೈ ಎಲೆಯ ಮೇಲೆ ನಿಂತಿತು.

“ತೊಂದ್ರೆ ಏನಿಲ್ವಲ್ಲಪ್ಪ,” ಎಂದರು. ಅವನು ಮುಖ ತಪ್ಪಿಸಿ ಬಡಿಸುವವರ ಕಡೆ ನೋಡಿದ್ದನ್ನು ಕಂಡು, “ಆಗ್ಲಿ. ಹಾಗೇ ಮಾಡು,” ಎಂದರು.

ರಾಗಿಣಿ ತಲೆಯೆತ್ತಿದಳು. “ಚನ್ನವೀರೇಶ್ ಅಂಕಲ್…”

“ಏನಮ್ಮಾ?”

ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಅಂದರು: “ಅವಳಿಗೆ ಪಾಯಸ ಇಷ್ಟ. ಇನ್ನೊಂದ್ ಸ್ವಲ್ಪ ಹಾಕ್ಸಪ್ಪ.”

ಪಾಯಸ ಬಂತು. ಬಡಿಸುವವನು ಧಾರಾಳವಾಗಿ ಎರಡು ಸೌಟು ಸುರಿದು ಮುಂದಿನ ಎಲೆಗೆ ಹೋದ, ಚನ್ನವೀರೇಶನೂ ಅವನ ಹಿಂದೆಯೇ ಹೋದ. ಎಲೆಯ ಅಂಚಿಗೆ ಹರಿಯುತ್ತಿದ್ದ ಪಾಯಸವನ್ನು ರಾಗಿಣಿ ತಲೆಯೆತ್ತದೆ ಕೈಯಿಂದ ಅಡ್ಡಗಟ್ಟಿದಳು.