ಕರೆಯದೆ ಉಳಿದ ಕಾರ್ಡು

"ಕೊನೇ ಸುತ್ತು. ಬರ್ನೀಸ್, ಬೇಗ ಎತ್ತು," ಎಂದ ವರ್ನ್. "ಸರೋವರದ ಕಡೆಯಿಂದ ಹಿಮ ಶುರುವಾಗಿದೆ. ನಾನು ಮನೆ ಸೇರ್ಕೋಬೇಕು."

"ಹಿಮ ನಿನ್ನನ್ನ ಏನೂ ಮಾಡಲ್ಲ ಬಿಡು. ಅದಕ್ಕೂ ರುಚಿ ಗೊತ್ತಿರುತ್ತೆ," ಎನ್ನುತ್ತ ಬರ್ನೀಸ್ ಗಾರ್ಸ್ಕಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೇಜಿನ ಮೇಲೆ ಉಳಿದಿದ್ದ ಕಾರ್ಡುಗಳನ್ನು ನೋಡಿದಳು. ಅವಳ ಬೆರಳು ಒಂದು ಕಾರ್ಡಿನ ಹತ್ತಿರ ಹೋಗಿ, ಬಿಸಿ ಪಾತ್ರೆ ಮುಟ್ಟಿದಂತೆ ಹಿಂದೆ ಸರಿದು, ಪಕ್ಕದ್ದನ್ನು ಎತ್ತಿತು. ಯಾರೋ ಒಬ್ಬ ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ಅವನಿಂದ ಅವಳಿಗೆ ಕವಡೆಯಷ್ಟೂ ಉಪಯೋಗವಿರಲಿಲ್ಲ.

ಅವಳು ಬಿಟ್ಟ ಕಾರ್ಡಿನ ಮೇಲೆ ಲಿಯೊ ಡ್ರೊಜ್ಡಾ ಎಂದು ಅಚ್ಚಾಗಿತ್ತು. ಆ ಲಿಯೊ ಡ್ರೊಜ್ಡಾ ಅವಳ ಎದುರಿಗೇ ಕುಳಿತು ಬಿಯರ್ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

ಈರಿ ಪಟ್ಟಣದ ಪೋಲಿಷ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಎಂಟು ಜನರ ಈ ಲೀಗು ನಡೆಯುತ್ತ ಬಂದು ಬಹಳ ಕಾಲವಾಗಿದೆ. ಪ್ರತಿ ಚಳಿಗಾಲ ಹಿಂದಿನ ಯಾವುದೋ ಒಂದು ವರ್ಷದ ಬೇಸ್‌ಬಾಲನ್ನು ಆರಿಸಿಕೊಳ್ಳುತ್ತಾರೆ. ಆ ವರ್ಷ ದೊಡ್ಡ ಲೀಗಿನಲ್ಲಿ ಆಡಿದ ಪ್ರತಿಯೊಬ್ಬನಿಗೂ ಒಂದು ಕಾರ್ಡು. ಅವನು ನಿಜವಾಗಿ ಹೇಗೆ ಆಡಿದನೋ ಹಾಗೆ ಅದರಲ್ಲಿ ಅಂಕಿಗಳು. ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಎತ್ತಿಕೊಂಡು ತಂಡ ಕಟ್ಟಿ, ಆಮೇಲೆ ದಾಳ ಹಾಕುತ್ತ ಇಡೀ ಋತುವನ್ನು ಹೊಸದಾಗಿ ಆಡುತ್ತಾರೆ. ಸತ್ತವರು ಓಡುತ್ತಾರೆ, ಮಂಡಿ ನೋವಿನವರು ಹಾರಿ ಚೆಂಡು ಹಿಡಿಯುತ್ತಾರೆ. ಹೆಂಗಸರು ಇದನ್ನು ಮುದುಕರ ಗೊಂಬೆಯಾಟ ಎನ್ನುತ್ತಿದ್ದರು. ಬರ್ನೀಸ್ ಕೂಡ ಹಾಗೇ ಅನ್ನುತ್ತಿದ್ದಳು. ಗಂಡ ಎಡ್ ತೀರಿಕೊಂಡ ಮೇಲೆ ಅವನ ತಂಡವನ್ನು ಮುಚ್ಚಲು ಮನಸ್ಸು ಬಾರದೆ ತಾನೇ ಕೂತಳು. ಈಗ ಅವನಿಗಿಂತ ಚೆನ್ನಾಗಿ ಆಡುತ್ತಾಳೆ.

ಈ ಸಲ ಎಲ್ಲರೂ ಕೈ ಎತ್ತಿದ್ದು ಸಾವಿರದ ಒಂಬೈನೂರ ಅರವತ್ತಮೂರಕ್ಕೆ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಇಡೀ ಲೀಗಿನಲ್ಲಿ ನಿಜವಾದ ಮೈದಾನದಲ್ಲಿ ಆಡಿದವನು ಒಬ್ಬನೇ ಲಿಯೊ. ಅವನು ಆಡಿದ್ದೂ ಆ ವರ್ಷದ ಸೆಪ್ಟೆಂಬರಿನಲ್ಲಿ ಮಾತ್ರ.

"ಲಿಯೊ, ನಿಂದೇ ಕೊನೇದು," ಎಂದ ವರ್ನ್. ಹಿಂದಿನ ವರ್ಷ ಗೆದ್ದವನು ಕೊನೆಗೆ ಆರಿಸಬೇಕು ಎನ್ನುವುದು ನಿಯಮ. ನಿಯಮ ಎಂದರೆ ವರ್ನ್. ರೈಲ್ವೆಯಲ್ಲಿ ಗಾಡಿಗಳ ಓಡಾಟ ನೋಡಿಕೊಂಡಿದ್ದವನು, ನಿವೃತ್ತಿಯ ನಂತರ ಕಾರ್ಡುಗಳ ಓಡಾಟ ನೋಡಿಕೊಳ್ಳುತ್ತಿದ್ದ. ಅವನು ಆಗಲೇ ಪೆನ್ಸಿಲಿನಿಂದ 'ಡ್ರೊ' ಎಂದು ಬರೆದುಬಿಟ್ಟಿದ್ದ.

ಲಿಯೊ ಮೇಜನ್ನು ನೋಡಿದ. ನಂತರ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರೂ ಮುಗುಳ್ನಗುತ್ತಿದ್ದರು. ಬೇಕರಿಯ ಪೀಟ್ ಅಂತೂ ತಾನು ತಂದ, ಮಾಂಸ ತುಂಬಿದ ಪೆಪರೋನಿ ಉಂಡೆಯನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಕಾಯುತ್ತಿದ್ದ.

"ಆ ಎರಡನೇ ಕ್ಯಾಚರ್ ಕೊಡು," ಎಂದ ಲಿಯೊ, ಬೇರೆಯದೇ ಕಾರ್ಡು ತೋರಿಸುತ್ತ.

ಪೀಟ್ ಉಂಡೆಯನ್ನು ತಟ್ಟೆಗೆ ಇಳಿಸಿದ. ವರ್ನ್ ರಬ್ಬರಿನಿಂದ ಆ ಅಕ್ಷರ ಅಳಿಸಿದ. ಉಳಿದ ಕಾರ್ಡುಗಳನ್ನು ಒಟ್ಟು ಮಾಡಿ ಬೂಟಿನ ಡಬ್ಬಿಗೆ ಹಾಕಿ ಮುಚ್ಚಿದ. ಎಲ್ಲರೂ ಕೋಟು ಹುಡುಕತೊಡಗಿದರು. ಹಿಮ, ರಸ್ತೆ, ಉಪ್ಪು ಹಾಕುವ ಲಾರಿ ಇನ್ನೂ ಬಂದಿಲ್ಲ ಎನ್ನುವುದನ್ನೆಲ್ಲ ಎಲ್ಲರೂ ಒಟ್ಟಿಗೇ ಮಾತಾಡಿದರು.

ಈ ಊರಿನವರಿಗೆ ಒಂದು ಮರ್ಯಾದೆಯಿದೆ, ಇನ್ನೊಬ್ಬನ ಮುಂದಿರುವ ಕೊನೆಯ ತುಂಡಿಗೆ ಕೈ ಹಾಕುವುದಿಲ್ಲ. ಬೇಕಾದರೆ ಅದು ತಟ್ಟೆಯಲ್ಲೇ ಒಣಗಿ ಹೋಗಲಿ. ಏಳು ಜನಕ್ಕೂ ಲಿಯೊನ ಕಾರ್ಡು ಲಿಯೊನದ್ದೇ ಆಗಿತ್ತು. ಲಿಯೊ ಮಾತ್ರ ಮೊದಲ ಸುತ್ತಿನಿಂದ ಕೊನೆಯವರೆಗೂ ಯಾರಾದರೂ ತನ್ನ ಹೆಸರು ಹೇಳಲಿ ಎಂದು ಕಾದಿದ್ದ. ಹೋಗಲಿ, ತಮಾಷೆಗಾದರೂ ಹೇಳಲಿ ಎಂದು.

ಅವತ್ತು ಅವನು ಗಾಡಿಯಲ್ಲಿ ಕುಳಿತು, ಗಾಜಿನ ಮೇಲಿನ ಹಿಮ ಕರಗುವವರೆಗೆ ಎಂಜಿನ್ ಓಡಿಸುತ್ತ ಇದ್ದ. ಅರವತ್ತಮೂರರ ಋತುವಿನ ಕೊನೆಯ ಭಾನುವಾರವೂ ಹೀಗೇ ಕಾದಿದ್ದ. ಅವನ ಅಪ್ಪ ಎರಕದ ಕಾರ್ಖಾನೆಯ ಪಾಳಿ ಬಿಟ್ಟು, ಲಿಯೊನ ಹೆಂಡತಿ ಹೆಲೆನ್ ತುಂಬಿದ ಬಸುರಿಯಾಗಿದ್ದೂ, ಇಬ್ಬರೂ ಎರವಲು ಪಡೆದ ಗಾಡಿಯಲ್ಲಿ ಅವನ ಆಟ ನೋಡಲು ಬಂದಿದ್ದರು. ಹಿಂದಿನ ದಿನಗಳಲ್ಲಿ ಅವನು ಆಡಿದ್ದು ದೂರದ ಊರುಗಳಲ್ಲಿ. ಮನೆಯವರು ಯಾರೂ ನೋಡಿರಲಿಲ್ಲ. ಕೊನೆಯ ಇನ್ನಿಂಗ್ಸಿನಲ್ಲಿ ಮ್ಯಾನೇಜರ್ ಅವನ ಕಡೆ ಬೆರಳು ತೋರಿಸಿದ. ಲಿಯೊ ಬ್ಯಾಟು ತಗೊಂಡು ತನ್ನ ಸರದಿಗಾಗಿ ಮೈದಾನದ ಅಂಚಿನ ಮೆಟ್ಟಿಲ ಮೇಲೆ ಮಂಡಿಯೂರಿದ. ಮುಂದಿದ್ದವನು ಔಟಾಗಿ ತನ್ನ ಜೊತೆ ಇನ್ನೊಬ್ಬನನ್ನೂ ಔಟು ಮಾಡಿಸಿಕೊಂಡ. ಆಟ ಮುಗಿಯಿತು. ಧ್ವನಿವರ್ಧಕದಲ್ಲಿ ಅವನ ಹೆಸರು ಬರಲೇ ಇಲ್ಲ.

ಮನೆಗೆ ಬರುವಾಗ ಅಪ್ಪ, "ಆ ತಂಡದ ಬಟ್ಟೆ ನಿಂಗೆ ಚೆನ್ನಾಗಿ ಒಪ್ಪುತ್ತೆ ಕಣೋ," ಎಂದಿದ್ದ. ಮುಂದಿನ ವಸಂತದಲ್ಲಿ ಮಂಡಿ ಹೋಯಿತು. ಲಿಯೊ ರೈಲು ಎಂಜಿನ್ ಕಾರ್ಖಾನೆ ಸೇರಿದ. ಅಪ್ಪ ತೀರಿಕೊಂಡ, ಕಳೆದ ವರ್ಷ ಹೆಲೆನ್ ಕೂಡ ಹೋದಳು.

*

ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ಅಡುಗೆಮನೆಯಲ್ಲಿ ಮೀನು ಕರಿಯುವ ಕೆಲಸ ಲಿಯೊನದ್ದು. ಒಂದು ಶುಕ್ರವಾರ ಬರ್ನೀಸ್ ಕೋಸಿನ ಪಲ್ಯದ ಪಾತ್ರೆ ಹಿಡಿದುಕೊಂಡು ಬಂದು ಅವನ ಪಕ್ಕ ನಿಂತಳು. ಆಟ ಶುರುವಾಗಿ ತಿಂಗಳಾಗಿತ್ತು. ಲಿಯೊ ಗೆಲ್ಲುತ್ತಿದ್ದ. ಆದರೆ ಗೆದ್ದಾಗ ಕೆಣಕುತ್ತಿರಲಿಲ್ಲ, ಸೋತಾಗ ಬಯ್ಯುತ್ತಿರಲಿಲ್ಲ. ಇದನ್ನು ಯಾರು ಸಹಿಸುತ್ತಾರೆ?

"ಯಾಕೋ ಹೀಗೆ ಉಪ್ಪು ಹಾಕದ ಗಂಜಿ ಆಗಿಬಿಟ್ಟಿದ್ದೀಯ?" ಎಂದಳು.

"ಎಣ್ಣೆ ಸಿಡಿಯುತ್ತೆ, ದೂರ ನಿಲ್ಲು."

"ನಿನ್ನನ್ನ ನೀನೇ ಯಾಕೆ ತಗೊಳ್ಳಲಿಲ್ಲ? ಅದನ್ನ ಹೇಳು."

ಲಿಯೊ ಜಾಲರಿ ಎತ್ತಿ ಮೀನು ಬಸಿದ. "ನೀವ್ಯಾರೂ ತಗೊಳ್ಳಲಿಲ್ವಲ್ಲ."

ಬರ್ನೀಸ್ ಪಲ್ಯದ ಪಾತ್ರೆಯನ್ನು ಕೆಳಗಿಟ್ಟಳು. "ಅಯ್ಯೋ ಮಾರಾಯ! ನಿಂದು ಅಂತ ಬಿಟ್ವಿ ಕಣೋ! ನಾನು ಎತ್ತಿದ್ದಿದ್ರೆ ಆ ಪೀಟ್ ನನ್ನ ಹುರಿದು ತಿಂತಿದ್ದ. ಸರಿ, ನಾವು ದಡ್ಡರು. ನೀನು ಕೈ ಚಾಚಿ ತಗೊಳ್ಳೋಕೆ ಏನಾಗಿತ್ತು ರೋಗ?"

"ಕರೀದೆ ಹೋಗೋಕೆ ಇದೇನು ಸಾವಿನ ಮನೆಯಾ, ಬರ್ನೀಸ್?" ಅವನು ಜಾಲರಿಯನ್ನು ಮತ್ತೆ ಎಣ್ಣೆಗೆ ಇಳಿಸಿದ. "ಆಡೋನು ತನ್ನ ಹೆಸರು ತಾನೇ ಹೇಳ್ಕೋಬಾರ್ದು. ಯಾರಾದ್ರೂ ಕರೀಬೇಕು. ಕರೆದ್ರೇ ಅದು ಆಟ," ಎಂದ.

"ಡಬ್ಬಿಯಿಂದ ಈಗ ತೆಗೆದ್ರೆ?"

"ವರ್ನ್ ಕೇಳಿಸ್ಕೊಂಡ್ರೆ ಎದೆ ಒಡ್ಕೊಂಡು ಸಾಯ್ತಾನೆ. ಯಾರಿಗಾದ್ರೂ ಪೆಟ್ಟಾದ್ರೆ ಮಾತ್ರ ಡಬ್ಬಿ ತೆಗೀಬೇಕು. ಹೋಗು, ಪಲ್ಯ ತಣ್ಣಗಾಗುತ್ತೆ. ಮತ್ತೆ ಇದನ್ನೆಲ್ಲ ಯಾರಿಗೂ ಹೇಳ್ಬೇಡ."

ಅವಳು ಹೇಳಲಿಲ್ಲ. ಆದರೆ ಅಂದಿನಿಂದ ಬರ್ನೀಸ್‌ಗೆ ಒಂದು ವಿಚಿತ್ರ ಬೇಡಿಕೆ ಹುಟ್ಟಿತು. ದಾಳ ಹಾಕುವಾಗಲೆಲ್ಲ ತನ್ನ ಆಟಗಾರರಲ್ಲಿ ಯಾರಿಗಾದರೂ ಕಾಲು ಉಳುಕಲಿ ಎಂದು ದೇವರ ತಾಯಿಗೆ ಮೊರೆಯಿಟ್ಟಳು. ಆ ದಾಳಗಳಲ್ಲಿ ಪೆಟ್ಟಿನ ಅಂಕಿಯೂ ಇರುತ್ತದೆ, ಬೇಡವೆಂದಾಗ ತಪ್ಪದೆ ಬೀಳುತ್ತದೆ. ಈಗ ಬೇಕೆಂದರೆ ವಾರಗಟ್ಟಲೆ ಬೀಳಲಿಲ್ಲ. ಬಿದ್ದಾಗ ಬಿದ್ದದ್ದು ಅವಳ ತಂಡದ ಕಣ್ಮಣಿಯ ಮೇಲೆ, ಬಲಭಾಗ ಕಾಯುವ ದೈತ್ಯನ ಮೇಲೆ. ಇನ್ನು ಋತು ಮುಗಿಯುವವರೆಗೂ ಅವನಿಲ್ಲ. ಎದುರಿಗೆ ಆಡುತ್ತಿದ್ದ ಪೀಟ್ ಸಂತಾಪ ಹೇಳಲು ಬಾಯಿ ತೆರೆದರೆ, ಇವಳು "ಡಬ್ಬಿ ತಗೊಂಡ್ ಬಾ ವರ್ನ್!" ಎಂದು ಚಪ್ಪಾಳೆ ತಟ್ಟಿದಳು. ಅವತ್ತು ಲಿಯೊಗೆ ಆಟವಿರಲಿಲ್ಲ, ಅವನು ಬಂದಿರಲಿಲ್ಲ.

*

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಬರ್ನೀಸ್ ಮತ್ತು ಲಿಯೊ ಎದುರುಬದುರು ಕುಳಿತರು. ಅವಳ ಹೊಸ ಆಟಗಾರ ಯಾರೆಂದು ಅವನು ಕೇಳಲಿಲ್ಲ. ಕೊನೆಯ ಇನ್ನಿಂಗ್ಸ್ ಬಂತು. ಲಿಯೊನ ತಂಡ ಒಂದು ಓಟ ಮುಂದಿತ್ತು. ಬರ್ನೀಸ್‌ಗೆ ಉಳಿದದ್ದು ಒಂದೇ ಔಟು, ಎರಡನೇ ಬೇಸಿನಲ್ಲಿ, ಅಂದರೆ ಓಟದ ಅರ್ಧ ದಾರಿಯಲ್ಲಿ, ಅವಳ ಓಟಗಾರನಿದ್ದ.

ಬರ್ನೀಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಬದಲಿ ಆಟಗಾರನನ್ನು ಕಳಿಸುವವರು ಎದ್ದು ನಿಂತು ಅವನ ಹೆಸರು ಕೂಗಬೇಕು, ವರ್ನ್ ಅದನ್ನು ಮೈದಾನದ ಧ್ವನಿವರ್ಧಕದ ಹಾಗೆ ಎಳೆದು ಮತ್ತೆ ಕೂಗಬೇಕು. ಇದು ಎಡ್ ಬದುಕಿದ್ದಾಗ ಕುಡಿದು ಮಾಡಿದ ಪದ್ಧತಿ, ಹಾಗೇ ಉಳಿದುಬಿಟ್ಟಿತ್ತು.

"ಬ್ಯಾಟಿಗೆ," ಎಂದಳು ಬರ್ನೀಸ್, "ಲಿಯೊ ಡ್ರೊಜ್ಡಾ!"

ವರ್ನ್ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದ. ರೈಲು ನಿಲ್ದಾಣದಲ್ಲಿ ಕೂಗಿ ಪಳಗಿದ ಗಂಟಲು ಅದು. "ಈಗ ಬ್ಯಾಟಿಗೆ ಬರ್ತಿದ್ದಾರೆ... ಲಿಯೊ... ಡ್ರೊ...ಜ್ಡಾ!" ಮುಂದಿನ ಕೋಣೆಯಲ್ಲಿ ಕುಡಿಯುತ್ತಿದ್ದವರೂ ಬಾಗಿಲಿಗೆ ಬಂದು ಇಣುಕಿದರು.

ಲಿಯೊ ಮೇಜಿನ ಅಂಚು ಹಿಡಿದುಕೊಂಡ. ಹೆಲೆನ್ ಇದನ್ನು ಕೇಳಿಸಿಕೊಳ್ಳಬೇಕಿತ್ತು. ಅಪ್ಪ ಕೇಳಬೇಕಿತ್ತು. ಅವರಿಲ್ಲದಿದ್ದರೂ ಈ ಹೆಸರು ಇಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಅವನು ಎಣಿಸಿರಲಿಲ್ಲ.

"ತಗೋ, ನೀನೇ ಹಾಕು," ಎಂದು ಬರ್ನೀಸ್ ದಾಳಗಳನ್ನು ಅವನ ಮುಂದಿಟ್ಟಳು.

"ಎದುರು ತಂಡದವನು ಹಾಕೋ ಹಾಗಿಲ್ಲ. ನಿಯಮದಲ್ಲಿ..." ಎಂದು ವರ್ನ್ ಶುರುಮಾಡಿದ.

"ಉಂಡೆ ತಿನ್ನು ವರ್ನ್," ಎಂದ ಪೀಟ್.

"ಚೆಂಡು ಎಸೆಯೋನು ನನ್ನವನು ಕಣೇ," ಎಂದ ಲಿಯೊ. "ನಾನು ಬೇಲಿ ದಾಟಿಸಿ ಹೊಡೆದ್ರೆ ನಾನೇ ಸೋಲ್ತೀನಿ."

"ಹೊಡಿ, ಸೋಲು. ಯಾರು ಬೇಡ ಅಂದ್ರು?"

ಅವನು ದಾಳಗಳನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡ. ಎರಡು ಕೆಂಪು, ಒಂದು ಬಿಳಿ. ಬಿಳಿಯದು ಚಿಕ್ಕ ಅಂಕಿಯಾದರೆ ಫಲವನ್ನು ಬ್ಯಾಟು ಹಿಡಿದವನ ಕಾರ್ಡಿನಲ್ಲಿ ನೋಡಬೇಕು, ದೊಡ್ಡದಾದರೆ ಪಿಚರನ ಕಾರ್ಡಿನಲ್ಲಿ. ಆಮೇಲೆ ಹಾಕಿದ. ಬಿಳಿ ದಾಳ ಉಪ್ಪಿನ ಡಬ್ಬಿಗೆ ತಾಗಿ ತಿರುಗಿ ನಿಂತಿತು. ಎರಡು.

ಬರ್ನೀಸ್ ಅವನ ಕಾರ್ಡಿನ ಮೇಲೆ ಬೆರಳಿಟ್ಟು ಕೆಳಗಿಳಿಸಿದಳು. ಓದಲು ಅವಳಿಗೆ ಇಷ್ಟವಿರಲಿಲ್ಲ. "ನೆಲದ ಚೆಂಡು. ಎರಡನೇ ಬೇಸು ಕಾಯೋನ ಕೈಗೆ, ಅಲ್ಲಿಂದ ಮೊದಲ ಬೇಸಿಗೆ. ಔಟು."

ಪೀಟ್ ಅಭ್ಯಾಸಬಲದಿಂದ ಬಾಗಿ ಪಿಚರನ ಕಾರ್ಡಿನಲ್ಲಿ ಅದೇ ಅಂಕಿ ನೋಡಿದ. ಬಿಳಿ ದಾಳ ದೊಡ್ಡ ಅಂಕಿ ತೋರಿಸಿದ್ದರೆ ಚೆಂಡು ಬೇಲಿ ದಾಟುತ್ತಿತ್ತು. ಇಂಥದ್ದನ್ನು ಕೂಗಿ ಹೇಳಿ ಸೋತವನ ಹೊಟ್ಟೆ ಉರಿಸುವುದೆಂದರೆ ಪೀಟ್‌ಗೆ ಹಬ್ಬ. ಅವತ್ತು ಬಾಯಿಗೆ ಉಂಡೆ ತುರುಕಿಕೊಂಡ.

ಆಟ ಮುಗಿದಿತ್ತು, ಲಿಯೊ ಗೆದ್ದಿದ್ದ. ಯಾರೂ ಅವನ ಕೈ ಕುಲುಕಲಿಲ್ಲ.

"ಗಟ್ಟಿಯಾಗೇ ಹೊಡೆದಿದ್ದ," ಎಂದ ಲಿಯೊ.

"ಏನಂದೆ?"

"ಅವನು. ಗಟ್ಟಿಯಾಗೇ ಹೊಡೆದಿದ್ದ ಕಣೇ. ನೇರ ಅವನ ಕೈಗೆ ಹೋಯ್ತು. ಈ ಕಡೆ ಎರಡಡಿ ಹೋಗಿದ್ರೆ ಯಾರಪ್ಪನ ಕೈಗೂ ಸಿಗ್ತಿರಲಿಲ್ಲ."

"ಗೊತ್ತು, ನಾನು ನೋಡಿದ್ನಲ್ಲ," ಎಂದಳು ಬರ್ನೀಸ್. ಕಾರ್ಡನ್ನು ಡಬ್ಬಿಗೆ ಹಾಕದೆ ತನ್ನ ತಂಡದ ಕಟ್ಟಿನೊಳಗೆ ಸೇರಿಸಿಕೊಂಡಳು. "ನಿಜವಾಗ್ಲೂ ಎಷ್ಟು ಸಲ ಬ್ಯಾಟು ಹಿಡಿದಿದ್ಯೋ ಅಷ್ಟೇ ಸಲ ಇಲ್ಲೂ ಬಿಡ್ತಾನೆ ಈ ವರ್ನ್. ಇನ್ನೂ ಏಳು ಸಲ ಇದೆ ನಿಂಗೆ."

ಲಿಯೊ ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವನು ನಿಂತ. "ಬರೋ ವಾರ ಯಾರ ಜೊತೆ ನಿನ್ನ ಆಟ?"

"ವರ್ನ್ ಜೊತೆ. ನಿಂಗೆ ಆಟ ಇಲ್ವಲ್ಲ."

"ಹೌದು, ಇಲ್ಲ," ಎಂದ ಲಿಯೊ.

ಆ ಭಾನುವಾರ ಬರ್ನೀಸ್ ಬಂದಾಗ ಅವನು ಆಗಲೇ ಬಂದಿದ್ದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೇಜಿನ ಹತ್ತಿರ ಬಾರದೆ ಗೋಡೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದ. ಎರಡನೇ ಇನ್ನಿಂಗ್ಸಿನಲ್ಲಿ ಬರ್ನೀಸ್ ಒಮ್ಮೆ ಹಿಂತಿರುಗಿ ನೋಡಿದಳು.

"ನಿನ್ನ ಕರೆಯೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಕಣೋ. ಒರಗಿ ಕೂತ್ಕೋ."

ಲಿಯೊ ತಲೆಯಾಡಿಸಿ ಹಿಂದಕ್ಕೆ ಒರಗಿದ. ಅವಳು ದಾಳ ಹಾಕಿ ಮತ್ತೆ ನೋಡಿದಾಗ ಅವನು ಎರಡೂ ಕೈಗಳನ್ನು ಮಂಡಿಗಳ ಮೇಲಿಟ್ಟುಕೊಂಡು ಕುರ್ಚಿಯ ತುದಿಗೆ ಬಂದಿದ್ದ.