ಮೊದಲ ದಿನದ ಚಹಾ

ನನ್ನ ಹೆಂಡತಿ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ನಿವೃತ್ತ ಗಣಿತದ ಮೇಷ್ಟ್ರು, ಶಿಕ್ಷಕರ ಸಂಘದ ಕಾರ್ಯದರ್ಶಿ. ಹೊಸ ಕಾನೂನು ಬಂದ ಮೇಲೆ ಅವಳ ಶಾಲೆಯ ಗೇಟು ದಾಟಿದರೆ ನಾನು ಅಪರಾಧಿ, ದಾಟಲು ಬಿಟ್ಟರೆ ಅವಳು ಅಪರಾಧಿ. ಒಂದೇ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವ ಇಬ್ಬರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೇ?

ಕಾನೂನು ಹೇಳುವುದಿಷ್ಟು. ಶಾಲೆಯ ಆವರಣದಲ್ಲಿ ಸಂಘದವರು ಯಾವ ನೌಕರರನ್ನೂ ಮಾತಾಡಿಸುವಂತಿಲ್ಲ, ನೋಟೀಸ್ ಬೋರ್ಡಿಗೆ ಚೀಟಿ ಅಂಟಿಸುವಂತಿಲ್ಲ, ಹೊಸಬರ ಹೆಸರು, ಫೋನ್ ನಂಬರನ್ನು ಶಾಲೆಯವರು ನಮಗೆ ಕೊಡುವಂತಿಲ್ಲ. ಬೀದಿಯಲ್ಲಿ ಮಾತಾಡಬಹುದಂತೆ; ವಿಚಾರಣೆಗೆ ನೌಕರರೇ ಕರೆದರೆ ಒಳಗೂ ಬರಬಹುದಂತೆ. ಎಂಥಾ ಉದಾರ ಮನಸ್ಸು!

ಮೊದಲೆಲ್ಲ ಹೊಸಬರು ಕೆಲಸಕ್ಕೆ ಸೇರಿದ ದಿನ ಸಂಘದ ಕಡೆಯಿಂದ ಚಹಾ ಇರುತ್ತಿತ್ತು. ನಾನೇ ಫ್ಲಾಸ್ಕ್ ಹೊತ್ತು ಸ್ಟಾಫ್‌ರೂಮಿಗೆ ಹೋಗುತ್ತಿದ್ದೆ. ಲೋಟ ಕೈಗೆ ಕೊಟ್ಟು ಒಂದೇ ವಿಷಯ ಹೇಳುತ್ತಿದ್ದೆ: "ಯಾವತ್ತಾದರೂ ನಿಮ್ಮನ್ನ ವಿಚಾರಣೆಗೆ ಕರೆದರೆ, ಸಂಘದವರೊಬ್ಬರು ಜೊತೆಗೆ ಕೂರಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ. ಕೇಳಿದರೆ ಅವರು ಇಲ್ಲ ಅನ್ನೋ ಹಾಗಿಲ್ಲ. ಕೇಳದಿದ್ದರೆ ತಾವಾಗಿ ಕೊಡೋದೂ ಇಲ್ಲ." ನನ್ನ ಚಹಾ ಕಲಗಚ್ಚಿನ ಹಾಗಿರುತ್ತಿತ್ತು ಎಂದು ಹಳಬರು ಈಗಲೂ ಆಡಿಕೊಳ್ಳುತ್ತಾರೆ. ಆದರೆ ಆ ಮಾತನ್ನು ಒಬ್ಬರೂ ಮರೆತಿಲ್ಲ. ಈಗ ಫ್ಲಾಸ್ಕು ಅಟ್ಟದ ಮೇಲಿದೆ.

ಮೊನ್ನೆ ಸಂಜೆ ನನ್ನವಳು ಬಟಾಣಿ ಸುಲಿಯುತ್ತಾ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಬುಟ್ಟಿಗೂ ಹಾಕುತ್ತಿದ್ದಳು.

"ಏನಾಯ್ತೇ?" ಎಂದೆ.

"ನಾಡಿದ್ದು ವಿಚಾರಣೆ ಇದೆ. ಹೊಸ ಹುಡುಗಿ, ಕೆಲಸ ಇನ್ನೂ ಕಾಯಂ ಆಗಿಲ್ಲ. ಒಂದನೇ ಕ್ಲಾಸಿನ ಮಗು ಗೇಟು ದಾಟಿ ರಸ್ತೆಗೆ ಹೋಗಿಬಿಟ್ಟಿತ್ತು. ಸದ್ಯ, ಏನೂ ಆಗಲಿಲ್ಲ. ಆಗ ಇವಳು ಪಕ್ಕದ ಕ್ಲಾಸಲ್ಲಿ ಇನ್ನೊಂದು ಮಗೂನ ಮೂಗಿನ ರಕ್ತ ಒರೆಸ್ತಾ ಇದ್ದಳು."

"ಎರಡು ಕ್ಲಾಸು ಒಬ್ಬಳಿಗೇನಾ?"

"ಟೀಚರುಗಳೇ ಇಲ್ಲ. ಹಾಗೇ ನಡೆಸಿ ಅಂತ ಮೇಲಿನಿಂದ ಆದೇಶ. ಹಂಚಿದ್ದು ನಾನೇ."

"ಅಷ್ಟೇ ಸಾಕಲ್ಲ! ಎರಡು ಕ್ಲಾಸು ಕೊಟ್ಟೋರು ಯಾರು ಅಂತ ನಾನು ಆ ರೂಮಲ್ಲಿ ಕೇಳಿದರೆ ಅವಳ ಕೆಲಸ ಉಳಿಯುತ್ತೆ."

"ಅವಳು ಕರೆದರೆ ತಾನೇ ನೀವು ಆ ರೂಮಿಗೆ ಬರೋದು? ಕರೀಬಹುದು ಅನ್ನೋದೇ ಅವಳಿಗೆ ಗೊತ್ತಿಲ್ಲ. ತಪ್ಪಾಯ್ತು, ತಪ್ಪಾಯ್ತು ಅಂತ ಅಳ್ತಾ ಕೂತಿರ್ತಾಳೆ."

"ನೀನೇ ಮೆಲ್ಲಗೆ ಕಿವಿಗೆ ಹಾಕು."

"ನಾನು ಶಾಲೆ ಕಡೆಯಿಂದ ಕೂರೋಳು ರೀ. ಹೇಳಿಕೊಟ್ಟೆ ಅಂತಾದರೆ ಅವಳ ಹಿಂದೆ ನಾನೂ ಮನೆಗೆ."

ಆ ಹುಡುಗಿಯ ಹೆಸರು ಕೇಳಿದೆ, ಹೇಳಲಿಲ್ಲ. ಸಿಟ್ಟು ಬಂತು. ಇಷ್ಟು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ ಎಂದೂ ಅನ್ನಿಸಿತು. ಆಮೇಲೆ ನನ್ನವಳು ಬಟಾಣಿಗೆ ಹೇಳುವ ಹಾಗೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ಹಳದಿ ಛತ್ರಿ. ಬಸ್ಸಲ್ಲಿ ಹೋಗ್ತಾಳೆ."

ಮರುದಿನ ಶಾಲೆ ಬಿಡುವ ಮೊದಲೇ ಗೇಟಿನ ಹತ್ತಿರ ನಿಂತೆ. ವಾಚ್‌ಮನ್ ಓಡಿಬಂದ.

"ಸಾರ್, ಇಲ್ಲಿ ನಿಲ್ಲಬೇಡಿ. ಮೇಡಂ ಆರ್ಡರು."

"ನಿಮ್ಮ ಮೇಡಂಗೆ ಬೆಳಿಗ್ಗೆ ಕನ್ನಡಕ ಹುಡುಕಿಕೊಟ್ಟವನು ನಾನೇ ಕಣಯ್ಯಾ."

"ಗೊತ್ತು ಸಾರ್. ಆದರೂ ಬಸ್ ಸ್ಟಾಪಿಗೆ ಹೋಗಿಬಿಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಅವನ ಮುಖ ನೋಡಿ ಜಗಳವಾಡಲು ಮನಸ್ಸಾಗಲಿಲ್ಲ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹೋಗಿ ಕುಳಿತೆ. ಗಂಟೆ ಹೊಡೆಯಿತು, ಮಕ್ಕಳೆಲ್ಲ ಹೋದರು, ಕೊನೆಗೆ ಹಳದಿ ಛತ್ರಿ ಬಂತು. ನನ್ನ ಸೊಸೆಗಿಂತ ಚಿಕ್ಕವಳು. ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಕಣ್ಣು ಊದಿಕೊಂಡಿತ್ತು.

ಎದ್ದುನಿಂತು ಅಭ್ಯಾಸದಂತೆ ಶುರುಮಾಡಿದೆ: "ನಮಸ್ಕಾರ ಅಮ್ಮ, ನಾನು ಶಿಕ್ಷಕರ ಸಂಘದವನು."

ಅದೇ ತಪ್ಪಾಯಿತು. ಜೀವಮಾನವಿಡೀ ಸಂಘ ಎಂದ ಕೂಡಲೇ ಎದುರಿನವರ ಮುಖ ಅರಳುವುದನ್ನು ನೋಡಿ ನೋಡಿ ನನಗೆ ಬೇರೆ ರೀತಿ ಮಾತು ಆರಂಭಿಸಲು ಬರುವುದಿಲ್ಲ. ಇವಳ ಮುಖ ಬಿಳಿಚಿಕೊಂಡಿತು. ಛತ್ರಿಯನ್ನು ಎದೆಗವುಚಿಕೊಂಡು ಬೆಂಚಿನ ಆಚೆ ತುದಿಗೆ ಸರಿದಳು.

"ನೀವು ಆ ಶಾಲೆ ಟೀಚರ್ ಅಲ್ವಾ?"

"ಅಲ್ಲ," ಎಂದಳು. "ನಾನು ಟೀಚರ್ ಅಲ್ಲ."

"ಹೆದರಬೇಡಮ್ಮ, ಇಲ್ಲಿ ಮಾತಾಡಬಹುದು. ಕಾನೂನಲ್ಲೇ ಇದೆ."

ಅಷ್ಟರಲ್ಲಿ ಬಸ್ಸು ಬಂತು. ಅವಳು ಓಡಿ ಹತ್ತಿದಳು. ನಾನು ಕಿಟಕಿಯ ಪಕ್ಕ ಓಡುತ್ತಾ, "ಜೊತೆಗೆ ಒಬ್ಬರು ಕೂರಬೇಕು ಅಂತ ನಾಳೆ ಕೇಳಮ್ಮ! ಅಷ್ಟು ಕೇಳಿದರೆ ಸಾಕು!" ಎಂದು ಕೂಗಿದೆ. ಅವಳು ಗಾಜು ಎಳೆದುಕೊಂಡಳು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಏನ್ ಯಜಮಾನ್ರೇ, ಈ ವಯಸ್ಸಲ್ಲಿ?" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಆದರೂ ನನಗೊಂದು ಆಸೆ ಇತ್ತು. ಗಾಜು ಹಾಕಿಕೊಂಡರೇನು, ಕಿವಿಗೆ ಬಿದ್ದಿರುತ್ತದೆ. ವಿಚಾರಣೆಯ ದಿನ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫೋನಿನ ಮುಂದೆ ಕುಳಿತೆ. ಅದು ಬಡಿದುಕೊಳ್ಳಲೇ ಇಲ್ಲ.

ಸಂಜೆ ನನ್ನವಳು ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ತೆಗೆದುಬಿಟ್ಟರು," ಎಂದಳು.

"ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ವಾ?"

"ಕೇಳಿಸಿತ್ತು ರೀ. ಎಲ್ಲಾ ಕೇಳಿಸಿತ್ತು. ಕೊನೆಗೆ ಏನಾದರೂ ಹೇಳೋದಿದೆಯಾ ಅಂತ ವಿಚಾರಣೆಗೆ ಬಂದ ಸಾಹೇಬರು ಕೇಳಿದರು. ಅವಳು ಎದ್ದು ನಿಂತಳು. ನಿನ್ನೆ ಸಂಘದವರು ಯಾರೋ ಬಸ್ ಸ್ಟಾಪಲ್ಲಿ ಬಂದು, ಜೊತೆಗೆ ಒಬ್ಬರು ಬೇಕು ಅಂತ ಕೇಳು ಅಂದರು, ನಾನು ಅವರ ಮಾತಿಗೆ ಕಿವಿಗೊಡಲಿಲ್ಲ ಸಾರ್, ಕಿಟಕಿ ಹಾಕಿಕೊಂಡೆ ಅಂದಳು. ಅದನ್ನ ಹೇಳಿದರೆ ಕೆಲಸ ಉಳಿಯುತ್ತೆ ಅಂದುಕೊಂಡಿದ್ದಳು."

ನಾನು ಇಸ್ತ್ರಿ ಅಂಗಿಯ ಗುಂಡಿ ಬಿಚ್ಚತೊಡಗಿದೆ.

"ಅವಳು ಸೇರಿದ ದಿನ ಸುತ್ತೋಲೆ ಓದಿ, ಸಂಘದವರ ಜೊತೆ ಮಾತಾಡಬೇಡಮ್ಮ ಅಂದೋಳು ನಾನೇ. ಬೀದಿಯಲ್ಲಿ ಪರವಾಗಿಲ್ಲ ಅಂತ ಹೇಳಲಿಲ್ಲ. ಅದನ್ನ ಹೇಳಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ." ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹೊರಗೆ ಹೋಗೋವಾಗ ನನ್ನ ಕೈ ಹಿಡಕೊಂಡು ಕೇಳಿದಳು ರೀ. ಮೇಡಂ, ನೀವು ಹೇಳಿದ ಹಾಗೇ ಮಾಡಿದೆನಲ್ಲ, ಮತ್ತೆ ಯಾಕೆ ತೆಗೆದರು ಅಂತ."